ಬತ್ತಿಗೆ ಬೈದವನು ಯಾರು?

ಶುಶ್ರೂಷಾ ಶಿಕ್ಷಣದಲ್ಲಿ ಮೂರು ದಶಕ ದುಡಿದು ಈಗ ನಿವೃತ್ತರಾಗುತ್ತಿರುವ ಹಿರಿಯ ಅಧ್ಯಾಪಕಿಯವರನ್ನು ನಮ್ಮ ಸಂಸ್ಥೆಯಲ್ಲಿ ‘ಕಥೆ ಮೇಡಂ’ ಎಂದು ಕರೆಯದವರಿಲ್ಲ. ಗಾಯ ತೊಳೆಯುವುದನ್ನು ಕಲಿಸುವಾಗಲೂ ಅವರಲ್ಲೊಂದು ದೃಷ್ಟಾಂತ ಕಥೆ ಸಿದ್ಧವಿರುತ್ತಿತ್ತು. ಅದರ ಅರ್ಥವನ್ನು ಮಾತ್ರ ಅವರು ಒಮ್ಮೆಯೂ ಪೂರ್ತಿ ಬಿಡಿಸಿ ಹೇಳಿದವರಲ್ಲ.

ಈ ಪದ್ಧತಿಯನ್ನು ಮೊದಲ ದಿನದಿಂದಲೂ ಗುಮಾನಿಯಿಂದ ಕಂಡವರು ಅಂಗರಚನಾಶಾಸ್ತ್ರದ ಮೇಷ್ಟ್ರು. ಹೇಳಬೇಕಾದ್ದನ್ನು ನೇರವಾಗಿ ಹೇಳದೆ ಸುತ್ತಿ ಬಳಸಿ ಹೇಳುವವರ ಹೊಟ್ಟೆಯಲ್ಲಿ ಏನೋ ಇದ್ದೇ ಇರುತ್ತದೆಂದು ಅವರ ನಂಬಿಕೆ. ಕತ್ತೆಯ ಕಥೆ ಬಂದರೆ ಅವರ ಕಿವಿ ನಿಮಿರುತ್ತಿತ್ತು. ಜಿಪುಣನ ಕಥೆ ಬಂದರೆ ನಿನ್ನೆ ತಾವು ಯಾರಿಗೂ ಚಹಾ ಕೊಡಿಸದಿದ್ದದ್ದು ನೆನಪಾಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ ಎಂದು ಸಹೋದ್ಯೋಗಿಗಳು ಛೇಡಿಸುತ್ತಿದ್ದರು.

ಮೇಷ್ಟ್ರು ಸಂಸ್ಥೆಗೆ ಸೇರಿದ ವರ್ಷವೇ, ಸೂಜಿ ಹಿಡಿದರೆ ಕೈ ನಡುಗುವ ವಿದ್ಯಾರ್ಥಿನಿಯೊಬ್ಬಳನ್ನು ತರಗತಿಯೆದುರು ನಿಲ್ಲಿಸಿ ಚೆನ್ನಾಗಿ ಝಾಡಿಸಿದರು. ಹುಡುಗಿ ಓದೇ ಬೇಡವೆಂದು ಪೆಟ್ಟಿಗೆ ಕಟ್ಟಿದಳು. ಮರುದಿನ ಬೆಳಿಗ್ಗೆ ಮೇಡಂ ಎಲ್ಲರೆದುರು ಕಥೆ ಹೇಳಿದರು: ಇಬ್ಬರು ದೀಪ ಒಯ್ಯುತ್ತಿದ್ದರು. ಗಾಳಿಗೆ ಆರೀತೆಂದು ಒಬ್ಬ ಅದರ ಮೇಲೆ ಮಡಕೆ ಕವುಚಿದ. ಉಸಿರುಗಟ್ಟಿ ದೀಪ ಆರಿತು. ಜೊತೆಗಿದ್ದವನು ಬತ್ತಿಗೆ ಬೈದ. ಅಷ್ಟೆ.

ಮೇಷ್ಟ್ರಿಗೆ ರೇಗಿತು. ಮೇಡಂ ಬ್ಯಾಂಡೇಜು ಸುತ್ತಿಡುತ್ತಿದ್ದ ಕೋಣೆಗೆ ನೆಟ್ಟಗೆ ನಡೆದರು.

“ಮೇಡಂ, ಆ ಕಥೆ ನನಗೇ ಹೇಳಿದ್ದಲ್ವಾ?”

“ಅಯ್ಯೋ, ಇಲ್ಲಪ್ಪ! ಮಡಕೆ ಮುಚ್ಚಿದವಳು ನಾನೇ. ಪಾಪ, ಮಗು ತಪ್ಪು ಮಾಡೀತು ಅಂತ ವರ್ಷವೆಲ್ಲ ಅವಳ ಕೈಗೆ ಸೂಜಿ ಕೊಡದೆ ನಾನೇ ಚುಚ್ತಾ ಬಂದೆ. ಕೈ ನಡುಗದೆ ಇನ್ನೇನಾಗುತ್ತೆ?”

ಮೇಷ್ಟ್ರ ಅನುಮಾನ ಅಷ್ಟಕ್ಕೆ ತಣಿಯುವಂಥದಲ್ಲ. “ಹಾಗಾದ್ರೆ ಬತ್ತಿಗೆ ಬೈದವನು?”

“ಅದ್ಯಾರೋ, ನನಗೇನು ಗೊತ್ತು?” ಎಂದು ಮೇಡಂ ಇನ್ನೊಂದು ಬ್ಯಾಂಡೇಜು ಕೈಗೆತ್ತಿಕೊಂಡರು.

ನೇರ ಮಾತು ಬಂದರೆ ಮನುಷ್ಯ ವಾದಕ್ಕೆ ನಿಲ್ಲುತ್ತಾನೆ. ದೃಷ್ಟಾಂತದೊಡನೆ ವಾದ ಸಾಗದು, ಏಕೆಂದರೆ ಅದು ಯಾರ ಹೆಸರನ್ನೂ ಎತ್ತುವುದಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಕೇಳಿದವನೇ ತನ್ನ ಹೆಸರು ತುಂಬಿಕೊಳ್ಳಬೇಕು. ಮೇಷ್ಟ್ರು ತುಂಬಿಕೊಂಡರು, ಗೊಣಗುತ್ತಲೇ.

ಅಂದೇ ಹುಡುಗಿಯನ್ನು ಕರೆಸಿ, ತಮ್ಮ ಅಂಗಿಯ ತೋಳು ಮಡಿಚಿ, “ಚುಚ್ಚಮ್ಮ” ಎಂದರು. ಮೊದಲ ಸಲ ಗುರಿ ತಪ್ಪಿ ಮೇಷ್ಟ್ರ ಕಣ್ಣಲ್ಲಿ ನೀರೂರಿತು.

“ನೋವಾಯ್ತಾ ಸಾರ್?”

“ಇಲ್ವಲ್ಲ! ಇನ್ನೊಂದ್ಸಲ ಮಾಡು.”

ನೇರ ಮಾತಿನ ಆ ಮನುಷ್ಯ ಕಟ್ಟಿದ ಮೊದಲ ಕಥೆ ಅದು. ಎರಡನೆಯ ಸಲ ಸೂಜಿ ಸರಿಯಾಗಿ ಇಳಿಯಿತು. ಹುಡುಗಿ ಊರಿಗೆ ಹೋಗಲಿಲ್ಲ.

ಮೇಡಂ ಅವರಿಗೆ ಆಯುರಾರೋಗ್ಯಗಳು ಕೂಡಿಬರಲಿ. ನಿವೃತ್ತಿ ಅವರ ಹುದ್ದೆಗಷ್ಟೇ ಇರಲಿ, ಕಥೆಗಳಿಗೆ ಬಾರದಿರಲಿ ಎಂದು ಸಂಸ್ಥೆ ಹಾರೈಸುತ್ತದೆ. ಮೇಷ್ಟ್ರಿಗೆ ಮಾತ್ರ ಈ ಅಗಲಿಕೆಯ ಸಂಕಟದಲ್ಲೂ ಒಂದು ಗುಮಾನಿ, ಅದೂ ತಮ್ಮ ಮೇಲೆಯೇ: ಇನ್ನು ಮುಂದೆ ಚುಚ್ಚುವ ಕಥೆಗಳೇ ಕಿವಿಗೆ ಬೀಳದೆ, ತಾವು ತಪ್ಪೇ ಮಾಡದವರೆಂದು ತಾವೇ ನಂಬಿಬಿಟ್ಟರೆ?