ಮುರುಗಲು ಚಾಪೆ

ಮಾಲತಿ ಮೇಡಂ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಬೇಲಿಯನ್ನು. ಮನೆಯವರು ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಎನ್ನುತ್ತಿದ್ದರೆ ಇವರು ಎಲೆಯೊಂದನ್ನು ಕಿತ್ತು, ಅಂಗೈಯಲ್ಲಿ ಉಜ್ಜಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಹಿಂದೊಮ್ಮೆ ತಮ್ಮನ್ನೇ ಹೆಣ್ಣು ನೋಡಲು ಬಂದವರು ತಂದ ಹೂಮಾಲೆಯಲ್ಲೂ ಹೂ ಬಿಟ್ಟು ಎಲೆ ಮೂಸಿದರಂತೆ. "ಅವ್ರು ಹೋದ್ರು, ಎಲೆ ಉಳೀತು," ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಔಷಧ ಕಂಪನಿಯೊಂದು ಹೊನ್ನಾವರದಲ್ಲಿ ಬಾಡಿಗೆ ಮನೆ ಹಿಡಿದು ಪುಟ್ಟ ಪ್ರಯೋಗಾಲಯ ತೆರೆದಿತ್ತು. ಮೇಡಂ ಅದರ ಮುಖ್ಯಸ್ಥೆ, ನಾನು ಬಿ.ಎಸ್ಸಿ. ಮುಗಿಸಿ ಸೇರಿದ ಸಹಾಯಕಿ. ಭಟ್ಕಳದಿಂದ ಕುಮಟಾದವರೆಗಿನ ಗಿಡಗಳ ಎಲೆ, ತೊಗಟೆ, ಬೇರು ತಂದು ಒಣಗಿಸಿ, ಆಲ್ಕೋಹಾಲಿನಲ್ಲಿ ನೆನೆಸಿ, ಸಾರ ತೆಗೆದು ಗಾಜಿನ ಬಾಟಲಿಗಳಲ್ಲಿ ತುಂಬಿಡುವುದು ನಮ್ಮ ಕೆಲಸ. ಮುಂಬಯಿಯವರು ಕೇಳಿದಷ್ಟು ಬಾಟಲಿಗಳಿಂದ ಸ್ವಲ್ಪ ಸ್ವಲ್ಪ ಅಲ್ಲಿಗೆ ಹೋಗಿ ರೋಗಾಣುಗಳ ಮೇಲೆ ಪರೀಕ್ಷೆಯಾಗುತ್ತಿತ್ತು. ಈ ಬಾಟಲಿಗಳ ಸಂಗ್ರಹವನ್ನು ಕಂಪನಿಯವರು ಲೈಬ್ರರಿ ಎನ್ನುತ್ತಿದ್ದರು. ಮನೆ ಮಾಲೀಕರು ಒಮ್ಮೆ ವಾರಪತ್ರಿಕೆ ಓದಲು ಬಂದು ಪೆಚ್ಚಾಗಿ ಹಿಂತಿರುಗಿದ್ದರು.

ಮುಂಬಯಿಯಿಂದ ಬರುತ್ತಿದ್ದದ್ದು ಮಾತ್ರ ಏನೂ ಇಲ್ಲ ಎಂಬ ಒಂದೇ ಉತ್ತರ. ಆಗ ಕಂಪನಿಗಳಿಗೆಲ್ಲ ಯಂತ್ರದಲ್ಲೇ ಹೊಸ ರಾಸಾಯನಿಕಗಳನ್ನು ತಯಾರಿಸುವ ಹುಚ್ಚು ಹಿಡಿದಿತ್ತು. ಗಿಡ ಯಾರಿಗೂ ಬೇಡವಾಗಿತ್ತು. ನಮ್ಮ ಪ್ರಯೋಗಾಲಯ ಮುಚ್ಚುವ ಮಾತೂ ಬಂತು. ಅಷ್ಟರಲ್ಲಿ ಒಂದು ಬಾಟಲಿ ಮಲೇರಿಯಾ ರೋಗಾಣುವನ್ನು ಕೊಂದಿತು. ತದಡಿ ಹೊಳೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಎಲೆಯ ಸಾರ ಅದು. ಇದು ನಿಜವಾದರೆ ಪ್ರಯೋಗಾಲಯ ಉಳಿಯುತ್ತದೆ, ಇನ್ನಷ್ಟು ಕಳಿಸಿ ಎಂದರು.

ಎರಡನೆಯ ಸಲ ತಂದ ಎಲೆ ಏನನ್ನೂ ಕೊಲ್ಲಲಿಲ್ಲ. ಚಿಗುರು ತಂದೆವು, ಹಣ್ಣೆಲೆ ತಂದೆವು, ಆಚೆ ದಡದಿಂದಲೂ ತಂದೆವು. ಮೇಡಂ ಮೊಣಕಾಲವರೆಗೆ ಕೆಸರಲ್ಲಿ ಹೂತು ನಿಂತು, "ಅದೇ ಗಿಡ ಅಲ್ವನೇ? ಎಂತ ತಪ್ಪಾತು?" ಎಂದು ನನ್ನನ್ನು ಕೇಳುತ್ತಿದ್ದರು.

ಮರುವರ್ಷ ಬೇಸಿಗೆಯಲ್ಲಿ ಹೊಳನಗದ್ದೆಯ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅಂಗಳದಲ್ಲಿ ಅವರ ತಾಯಿ, ಅಡುಗೆಗೆ ಹುಳಿಯಾಗಿ ಹಾಕುವ ಮುರುಗಲು ಹಣ್ಣಿನ ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಚಾಪೆಯ ಮೇಲೆ ಹರಡುತ್ತಿದ್ದರು. ವರ್ಷ ವರ್ಷ ರಸ ಕುಡಿದು ಚಾಪೆ ಕಪ್ಪುಗೆಂಪಾಗಿತ್ತು. ನೋಡುತ್ತ ನೋಡುತ್ತ ಮೇಡಂ ಮುಖ ಇಳಿಯಿತು. ಮೊದಲ ಸಲದ ಕಾಂಡ್ಲಾ ಎಲೆಯನ್ನು, ಕರೆಂಟು ಕೈಕೊಟ್ಟು ಒಣಗಿಸುವ ಯಂತ್ರ ನಿಂತಿದ್ದರಿಂದ, ಅವರು ಮನೆಗೆ ತಂದು ಒಣಗಿಸಿದ್ದು ಇದೇ ಚಾಪೆಯ ಮೇಲೆ.

"ಆಯಿ, ಇದನ್ನ ಯಾವಾಗಾದ್ರೂ ತೊಳ್ದಿದ್ಯಾ?"

"ಮುರುಗಲು ಚಾಪೆ ಯಾರಾದ್ರೂ ತೊಳೀತಾರಾ? ಹುಳಿ ಹೋಗೂದಿಲ್ವಾ?" ಎಂದರು ತಾಯಿ.

ಮೇಡಂ ಚಾಪೆಯ ಮೂಲೆ ಕತ್ತರಿಸಿ, ನೆನೆಸಿ, ಅದಕ್ಕೂ ಒಂದು ಬಾಟಲಿ ಕೊಟ್ಟರು. "ಇದನ್ನು ಕಳಿಸಬೇಡಿ, ಕಾಂಡ್ಲಾ ಹೆಸರಲ್ಲೇ ಇನ್ನೊಂದು ವರ್ಷ ದೂಡಬಹುದು," ಎಂದೆ. "ಸುಳ್ಳು ಬಾಟಲಿ ಇಟ್ಕಂಡು ನಿಜದ್ದು ಹುಡ್ಕೂದು ಹೆಂಗೆ?" ಎಂದು ತಾವೇ ಕಳಿಸಿದರು. ಚಾಪೆ ಎಲೆಗಿಂತ ಚೆನ್ನಾಗಿ ಕೊಂದಿತು. ಆದರೆ ಮುರುಗಲಿನ ಆ ಗುಣ ತಿಳಿದವರಿಗೆಲ್ಲ ಮೊದಲೇ ಗೊತ್ತಿತ್ತು; ಗಾಜಿನ ತಟ್ಟೆಯಲ್ಲಿ ಅದು ಯಾವ ಪರೀಕ್ಷೆಗೂ ಹೂಂ ಎನ್ನುವ ಪದಾರ್ಥ, ಔಷಧವಾಗುವಂಥದ್ದಲ್ಲ.

ಪ್ರಯೋಗಾಲಯ ಮುಚ್ಚಿದರು. ಸಾರ ಬೇಡ, ಬಾಟಲಿಗಳನ್ನು ತೊಳೆದು ಕಳಿಸಿ ಎಂದು ಮುಂಬಯಿಯಿಂದ ಫೋನು ಬಂತು. ಒಳ್ಳೆಯ ವಿದೇಶಿ ಗಾಜಂತೆ. ಹೆಚ್ಚಿನ ಬಾಟಲಿಗಳು ಇನ್ನೂ ಪರೀಕ್ಷೆಯ ಮುಖವನ್ನೇ ಕಂಡಿರಲಿಲ್ಲ. ಹಿತ್ತಿಲಲ್ಲಿ ಗುಂಡಿ ತೋಡಿಸಿ ಸಾರವನ್ನೆಲ್ಲ ಇಬ್ಬರೂ ಸುರಿದೆವು. ನನಗೆ ಅಳು ತಡೆಯಲಾಗಲಿಲ್ಲ. ಮೇಡಂ ಒಂದೊಂದೇ ಬಾಟಲಿ ತೊಳೆಯುತ್ತಿದ್ದರು.

ಅವರು ತೀರಿಕೊಳ್ಳುವ ಹಿಂದಿನ ವರ್ಷ ಕುಮಟಾ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದೇ ಕೊನೆ. ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಬಹಳ ಸೊರಗಿದ್ದರು. ಸಮಾಧಾನಕ್ಕೆಂದು, "ಗಿಡಗಳು ಅಲ್ಲೇ ಇವೆಯಲ್ಲ ಮೇಡಂ, ಯಾರಾದರೂ ಮತ್ತೆ ಶುರು ಮಾಡಬಹುದು," ಎಂದೆ.

"ಯಾರೂ ಮಾಡೂದಿಲ್ಲ," ಎಂದರು. "ಈ ಕಡೆ ಪೂರಾ ನೋಡಿ ಆತು, ಎಂತದೂ ಸಿಗ್ಲಿಲ್ಲ ಅಂತ ಕಂಪ್ನಿಯವ್ರು ಬರ್ದಿಟ್ಟಾತು. ನಾವು ಸುರ್ದದ್ದನ್ನ ಮಾತ್ರ ಯಾರೂ ನೋಡ್ಲೇ ಇಲ್ಲ."