ಚೌಕಟ್ಟಿನ ಚಿಯಾವ್ತಿ

ಲುಕಾಂಗ್ ಪೇಟೆಯಲ್ಲಿ ಗಿರಾಕಿಗಳನ್ನು ಓಡಿಸಿಯೂ ಅಂಗಡಿ ಉಳಿಸಿಕೊಂಡವಳು ಒಬ್ಬಳೇ, ಪಟಗಳಿಗೆ ಚೌಕಟ್ಟು ಹಾಕುವ ಚಿಯಾವ್ತಿ. ಬಂದವರು "ಎಷ್ಟಾಗುತ್ತೆ?" ಎಂದು ಬಾಯಿ ತೆರೆಯುವ ಮೊದಲೇ ಅವಳು "ಯಾವ ಗೋಡೆಗೆ?" ಅನ್ನುತ್ತಾಳೆ. ಗೋಡೆಯಾಚೆ ಬಚ್ಚಲಿದೆಯೋ, ಮಧ್ಯಾಹ್ನದ ಬಿಸಿಲು ಬೀಳುತ್ತದೋ, ಹತ್ತಿರದಲ್ಲಿ ಊದುಬತ್ತಿ ಹಚ್ಚುತ್ತಾರೋ, ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. ಉತ್ತರ ಹಿಡಿಸದಿದ್ದರೆ, "ಮೊದ್ಲು ಗೋಡೆ ಬದಲಾಯಿಸ್ಕೊಂಡು ಬನ್ನಿ" ಎಂದು ಪಟವನ್ನು ವಾಪಸು ಸುತ್ತಿಕೊಡುತ್ತಾಳೆ. ವ್ಯಾಪಾರ ಬಲ್ಲವರು ತಲೆ ಚಚ್ಚಿಕೊಳ್ಳಬೇಕು. ಆದರೆ ಹಾಗೆ ಬೈಸಿಕೊಂಡು ಹೋದವರು ಅದನ್ನು ಹತ್ತು ಮನೆಗೆ ಹೇಳಿ, ಹನ್ನೊಂದನೆಯ ಮನೆಯವರನ್ನು ಕರೆದುಕೊಂಡು ಮತ್ತೆ ಬರುತ್ತಾರೆ. ಕಾಸು ಕೊಟ್ಟು ಬೋರ್ಡು ಬರೆಸಿದರೂ ಸಿಗದ ಪ್ರಚಾರ.

ಕಸುಬು ಅಪ್ಪನದು. ಗಂಡ ಮೀನುಂಡೆ ಸಾರು ಮಾರುವವನು, ಸಾಧು ಮನುಷ್ಯ. ಅವನ ಗಾಡಿ ಮಾತ್ರ ಹೆಂಡತಿಯ ಅಂಗಡಿಯ ಮುಂದೆ ನಿಲ್ಲುವಂತಿಲ್ಲ, ಸಾರಿನ ಹಬೆ ಕಾಗದಕ್ಕೆ ಆಗದು. ಚಿಯಾವ್ತಿ ಯಾವ ಚಿತ್ರವನ್ನೂ ಮೈತುಂಬ ಅಂಟಿಸಿದವಳಲ್ಲ. ಮೇಲಂಚಿಗೆ ಮಾತ್ರ ತೆಳುಕಾಗದದ ಎರಡು ಪಟ್ಟಿ, ಅದಕ್ಕೆ ತಾನೇ ಕಾಯಿಸಿದ ಗೋಧಿಯ ಅಂಟು. ಮುಂದೆಂದಾದರೂ ಬಿಚ್ಚಬೇಕಾದರೆ ಒದ್ದೆ ಕುಂಚ ಸವರಿದರಾಯಿತು. ಹಿಂದೆ, ಕಾಗದವನ್ನು ಹಳದಿ ಮಾಡದ ರಟ್ಟು. ಮುಂದೆ ಗಾಜು, ಗಾಜಿಗೂ ಕಾಗದಕ್ಕೂ ನಡುವೆ ಸಂದು. "ಅತ್ತೆ ಸೊಸೆ ಇದ್ದಂಗೆ ಕಣ್ರೀ. ಒಂದೇ ಮನೇಲಿರ್ಲಿ, ಮೈಗೆ ಮೈ ತಾಗ್ಬಾರ್ದು" ಎನ್ನುತ್ತಾಳೆ.

ಜಂಬವೂ ಉಂಟು. ಚೌಕಟ್ಟಿನ ಮುಂಭಾಗ ಯಾರು ಬೇಕಾದರೂ ಚೆಂದ ಮಾಡುತ್ತಾರೆ, ಕೆಲಸಗಾರನ ಯೋಗ್ಯತೆ ಕಾಣುವುದು ಹಿಂಭಾಗದಲ್ಲಿ ಎಂಬುದು ಅವಳ ವಾದ. ಹಾಗಾಗಿ ಯಾರ ಮನೆಗೆ ಹೋದರೂ ಗೋಡೆಯ ಪಟ ಇಳಿಸಿ ತಿರುಗಿಸಿ ನೋಡುತ್ತಾಳೆ. ಮಗಳಿಗೆ ಗಂಡು ನೋಡಲು ಹೋದಾಗಲೂ ಬೀಗರ ಮದುವೆ ಪಟವನ್ನು ತಿರುಗಿಸಿ, "ಮೊಳೆ ತುಕ್ಕು ಹಿಡಿದಿದೆ" ಎಂದಳು. ಸಂಬಂಧ ಕುದುರಿತು. ಪಟವೂ ಅಂಗಡಿಗೆ ಬಂತು.

ಕಳೆದ ಚಳಿಗಾಲ, ಊದುಬತ್ತಿ ಮಾಡುವ ಚಿಂಗ್‌ಹೋನ ಮನೆಯವರು ಮೂವರೂ ಒಟ್ಟಿಗೆ ಬಂದರು. ಹೆಂಡತಿ ಸೋಹುವಿ ಒಂದು ಪಟವನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದಳು. ಹಿಂದೆಯೇ ಚಿಂಗ್‌ಹೋನ ಅಕ್ಕ ಪೆಖಾ, ತೈಚುಂಗ್ ನಗರಕ್ಕೆ ಮದುವೆಯಾಗಿ ಹೋದವಳು. ಪಟ, ಅಕ್ಕ ತಮ್ಮನ ತೀರಿಹೋದ ಅಮ್ಮನದು. ಇದ್ದಿಲ ಪುಡಿಯಲ್ಲಿ ಬಿಡಿಸಿದ್ದು. ಫೋಟೋ ಎಂದರೆ ಎದ್ದು ಹೋಗುತ್ತಿದ್ದ ಆ ಮುದುಕಿಯ ಮುಖ ಉಳಿದಿದ್ದದ್ದು ಅದೊಂದರಲ್ಲೇ. ಈಗ ಆ ಮುಖವೂ ಬಿಳಿಚಿಕೊಂಡಿತ್ತು. ಹುಬ್ಬು ಮಸುಕು, ಕೆನ್ನೆ ಮಾಯ.

"ಅಮ್ಮ ಮುಖ ಮರೆಸ್ಕೋತಿದ್ದಾಳೆ" ಎಂದಳು ಪೆಖಾ. "ಯಾರ್ ಮೇಲಿನ ಕೋಪಕ್ಕೆ ಅಂತ ನಾನ್ ಬಾಯಿಬಿಟ್ಟು ಹೇಳ್ಬೇಕಾ? ಮುಂದಿನ ವಾರ ತಿಥಿ. ನೆಂಟರೆಲ್ಲ ಬರ್ತಾರೆ. ಅಮ್ಮನಿಗೆ ಬೇಡವಾದೋರು ಈ ಸಲ ಊದುಬತ್ತಿ ಮುಟ್ಟೋದು ಬೇಡ."

ಸೋಹುವಿ ಪಟವನ್ನು ಚಿಯಾವ್ತಿಯ ಮುಂದೆ ಹಿಡಿದಳು. ಹಾಸಿಗೆ ಹಿಡಿದ ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡವಳು ಈ ಸೋಹುವಿಯೇ. ಅಂಥವಳನ್ನು ನೆಂಟರ ಮುಂದೆ ಪೂಜೆಯಿಂದ ಹೊರಗಿಟ್ಟರೆ, ಆಮೇಲೆ ಆ ಊರಿನಲ್ಲಿ ತಲೆಯೆತ್ತಿ ತರಕಾರಿ ಕೊಳ್ಳುವುದೂ ಕಷ್ಟ.

ಚಿಯಾವ್ತಿ ಉಗುರಿನಿಂದ ಪಟದ ಮುಂಭಾಗ ತಟ್ಟಿದಳು. ಸದ್ದು ಮಂಕಾಗಿತ್ತು.

"ಇದು ಗಾಜಲ್ಲ. ಪ್ಲಾಸ್ಟಿಕ್ಕು. ಯಾರು ಹಾಕಿದ್ದು?"

"ಭೂಕಂಪದಲ್ಲಿ ಗಾಜು ಒಡೀತು" ಚಿಂಗ್‌ಹೋ ಹೇಳಿದ. "ಒಡೀದೇ ಇರೋದು ಹಾಕ್ಸು ಅಂತ ಅಕ್ಕಾನೇ ಅಂದ್ಲು. ಬೋರ್ಡ್ ಬರೆಯೋರ ಹತ್ರ ಹಾಕಿಸ್ದೆ."

"ಒರೆಸೋದ್ಯಾರು?"

"ನಾನೇ" ಎಂದಳು ಸೋಹುವಿ. "ನಮ್ಮನೇಲಿ ಎಲ್ಲಿ ನೋಡಿದ್ರೂ ಊದುಬತ್ತಿ ಪುಡಿ. ಅತ್ತೆ ಮುಖದ ಮೇಲೆ ಧೂಳು ಬಿಡೋದಾ? ಬೆಳಿಗ್ಗೆ ಸಂಜೆ ತಿಕ್ಕಿ ಒರೆಸ್ತೀನಿ."

"ಒಣ ಬಟ್ಟೇಲಿ?"

"ನೀರು ಒಳಗೆ ಇಳಿದ್ರೆ ಅಂತ... ಒಣ ಬಟ್ಟೇಲೇ."

ಚಿಯಾವ್ತಿ ಗಂಡ ಕಳಿಸಿದ್ದ ಬುತ್ತಿಯಿಂದ ಮೆಣಸಿನ ಪುಡಿಯ ಪೊಟ್ಟಣ ತೆಗೆದು ಒಂದು ಚಿಟಿಕೆ ಮೇಜಿನ ಮೇಲೆ ಉದುರಿಸಿದಳು. ಪ್ಲಾಸ್ಟಿಕ್ ತುಂಡೊಂದನ್ನು ತೋಳಿಗೆ ತಿಕ್ಕಿ ಮೇಲೆ ಹಿಡಿದಳು. ಪುಡಿ ಚಂಗನೆ ಹಾರಿ ತುಂಡಿಗೆ ಕಚ್ಚಿಕೊಂಡಿತು. "ಒಣ ಬಟ್ಟೇಲಿ ತಿಕ್ಕಿದ್ರೆ ಇದ್ದಿಲ ಪುಡೀನೂ ಹಿಂಗೇ ಹಾರುತ್ತೆ" ಎಂದಳು. ಚಿಂಗ್‌ಹೋ ಸೀನಿದ.

"ಹಂಗಾದ್ರೆ..." ಸೋಹುವಿಯ ಮುಖ ಪಟದ್ದಕ್ಕಿಂತ ಬಿಳಿಚಿತು. "ಒರ್ಸಿ ಒರ್ಸಿ ಅತ್ತೇನ ನಾನೇ ಅಳಿಸ್ಬಿಟ್ನಾ?"

ಪೆಖಾ ಬಾಯಿ ತೆರೆಯುವುದರಲ್ಲಿದ್ದಳು.

"ಪ್ಲಾಸ್ಟಿಕ್ ಹಾಕ್ಸು ಅಂದೋರು ಯಾರಂತೆ?" ಎಂದಳು ಚಿಯಾವ್ತಿ. "ಒಬ್ರಿಗೆ ಅಮ್ಮ ಒಡೀಬಾರ್ದು, ಇನ್ನೊಬ್ರಿಗೆ ಧೂಳು ಕೂರ್ಬಾರ್ದು. ನಿಮ್ಮಿಬ್ರಿಗೂ ಅವ್ರು ಬೇಡವಾಗಿದ್ದಿದ್ರೆ ಈ ಪಟ ಹೊಸದರಂಗೆ ಇರ್ತಿತ್ತು."

ಅವಸರ ಮಾಡದೆ ಅವಳು ಪಟವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಪ್ಲಾಸ್ಟಿಕ್ಕಿನ ಹೊರಮೈಗೆ ಹಿಂಡಿದ ಒದ್ದೆ ಬಟ್ಟೆ ಹಾಸಿದಳು. ಎಳೆಯುವ ಗುಣ ಇಳಿಯಲಿ ಎಂದು ಚಹಾ ಮುಗಿಯುವವರೆಗೂ ಕಾಯಿಸಿದಳು. ಆಮೇಲೆ ಮೊಳೆ ಬಿಡಿಸಿ, ಉಸಿರು ಬಿಗಿಹಿಡಿದು, ಪ್ಲಾಸ್ಟಿಕ್ ಹಾಳೆಯನ್ನು ಅತ್ತಿತ್ತ ಜಾರಿಸದೆ ನೆಟ್ಟಗೆ ಮೇಲೆತ್ತಿದಳು. ಆ ಕೈ ನೋಡಿದವರು ಅವಳ ಬೈಗುಳವನ್ನೆಲ್ಲ ಮನ್ನಿಸಬೇಕು.

"ಹೋಗಿದ್ದನ್ನ ಯಾರ ಕೈಲಾದ್ರೂ ತುಂಬಿಸ್ಬಹುದಾ?" ಚಿಂಗ್‌ಹೋ ಕೇಳಿದ.

"ತುಂಬೋರು ಸಿಗ್ತಾರೆ. ತುಂಬಿದ್ಮೇಲೆ ಅದು ಅವ್ನ ಕೈಚಳಕ, ನಿಮ್ಮಮ್ಮ ಅಲ್ಲ. ಉಳಿದಿರೋದನ್ನ ಉಳಿಸ್ಕೊಡ್ತೀನಿ."

ಎತ್ತಿದ ಹಾಳೆಯನ್ನು ಬಿಳಿ ರಟ್ಟಿನ ಮೇಲೆ ಹಿಡಿದಳು. ಅಲ್ಲಿ ಇನ್ನೊಂದು ಮುಖ! ಹೊಗೆಯಷ್ಟು ತೆಳ್ಳಗೆ, ಕಳೆದುಹೋಗಿದ್ದ ಹುಬ್ಬು, ಕೆನ್ನೆ, ಕಿವಿಯ ಪಕ್ಕದ ಕೂದಲು. ಪೆಖಾಳ ಕೈ ತಾನಾಗಿ ಮುಂದೆ ಬಂತು.

"ಮುಟ್ಬೇಡಿ!" ಚಿಯಾವ್ತಿ ಗದರಿದಳು.

ಪೆಖಾ ಕೈ ಹಿಂದೆಳೆದು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅಳತೊಡಗಿದಳು. "ನನ್ ಮನೇಲಿ ಅಮ್ಮಂದು ಅಂತ ಒಂದು ಚೂರೂ ಇಲ್ಲ. ಕೊಟ್ಟ ಹೆಣ್ಣು ತವರಿನೋರ ಪಟ ಗಂಡನ ಮನೇಲಿ ಇಡಂಗಿಲ್ಲ. ಇಲ್ಲಿಗೆ ಬಂದಾಗ ನೋಡ್ತಿದ್ದೆ. ಒಂದೊಂದ್ಸಲ ಬಂದಾಗ್ಲೂ ಒಂದಿಷ್ಟು ಕಮ್ಮಿ."

ಚಿಯಾವ್ತಿ ಪೆಖಾಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವಳು ತಿರುಗಿದ್ದು ಸೋಹುವಿಯ ಕಡೆಗೆ. "ನೋಡಮ್ಮ, ಪೂಜೆ ಮನೆ ನಿಂದು. ಮುಖ ಇರೋ ಹಾಳೆ, ಕಸಕ್ಕೆ ಹಾಕೋಕಾಗಲ್ಲ. ಒಂದೇ ಗೋಡೇಲಿ ಇಬ್ರು ಅಮ್ಮಂದಿರನ್ನ ಕೂರಿಸೋಕೂ ಆಗಲ್ಲ. ಏನ್ಮಾಡ್ಲಿ?"

ಸೋಹುವಿ ಪೆಖಾಳ ಕಡೆ ತಿರುಗಿದಳು. "ಅತ್ತಿಗೆ ತಗೊಂಡ್ಹೋಗ್ಲಿ."

"ಪಟ ಇಡಂಗಿಲ್ಲ ಅಂದ್ನಲ್ಲೇ..." ಎಂದಳು ಪೆಖಾ.

"ಪಟ ಎಲ್ಲಿದೆ?" ಚಿಯಾವ್ತಿ ನಡುವೆ ಬಾಯಿ ಹಾಕಿದಳು. "ಹಳೇ ಪ್ಲಾಸ್ಟಿಕ್ ಹಾಳೆ. ಯಾವ ಶಾಸ್ತ್ರ ಅಡ್ಡ ಬರುತ್ತೋ ತೋರಿಸ್ಲಿ ನೋಡೋಣ."

ಮೊದಲನೆಯ ಪಟಕ್ಕೆ ಬಿರುಕುಬಿಟ್ಟರೂ ಉದುರದ ಗಾಜು, ಸುತ್ತ ದಪ್ಪ ರಟ್ಟಿನ ಅಂಚಿಟ್ಟು ಆಳವಾದ ಸಂದು. ಹಾಳೆಗೆ ಕೈಚೀಲದಲ್ಲಿ ಹಿಡಿಯುವಂಥ ತೆಳು ಚೌಕಟ್ಟು. ಪುಡಿಯಿರುವ ಮೈಗೆ ಏನೂ ತಾಗದಂತೆ ಹಿಂದೆ ಸಂದು ಬಿಟ್ಟು ಬಿಳಿ ರಟ್ಟು, ಯಾರೂ ಪ್ಲಾಸ್ಟಿಕ್ಕನ್ನು ತಿಕ್ಕದಂತೆ ಮುಂದೆ ಗಾಜು.

ತಿಥಿಗೆ ಚಿಯಾವ್ತಿಯನ್ನೂ ಕರೆದಿದ್ದರು. ಗೋಡೆಯ ಮೇಲೆ ಮುದುಕಿ ಬಿಳಿಚಿಕೊಂಡೇ ಇದ್ದಳು. ನೆಂಟರು ಪಿಸುಗುಟ್ಟುವಷ್ಟರಲ್ಲಿ ಪೆಖಾ ಎಲ್ಲರ ಮುಂದೆ ಊದುಬತ್ತಿ ಹಚ್ಚಿ, ಮೊದಲ ಹಿಡಿಯನ್ನು ಸೋಹುವಿಯ ಕೈಗೆ ಕೊಟ್ಟು, ತಾನು ಅವಳ ಹಿಂದೆ ನಿಂತಳು.

"ಇನ್ನೂ ಹಿಂದಕ್ಕೆ ನಿಂತ್ಕೊಳ್ರೇ ಇಬ್ರೂ" ಎಂದಳು ಚಿಯಾವ್ತಿ, "ಹೊಗೆ ಪಟಕ್ಕೆ ತಾಗ್ತಿದೆ."

ಅತ್ತಿಗೆ ನಾದಿನಿ ಇಬ್ಬರೂ ಒಟ್ಟಿಗೇ ಹಿಂದೆ ಸರಿದರು.