ಎಲುವಿನ ಚಾಚಾನ ಎಡಗೈ

ಹೋದ ಸೋಮವಾರ ಬದಾಮಿಯ ಕೆರೆಯ ದಂಡೆಯ ಮೇಲೆ ನಮ್ಮ ಸಾಲೆಯ ಹುಡುಗರ ಫೋಟೋ ತೆಗೆಸಿದೆವು. ಫೋಟೋದವನು ಕರಿಬಟ್ಟೆಯ ಸಣ್ಣ ಡೇರೆ ಹೊಡೆದು, ಅದರೊಳಗೆ ಕೂತು ಫೋಟೋ ಮೂಡುವ ಗಾಜಿನ ತಟ್ಟೆಗಳನ್ನು ತೊಳೆಯುತ್ತಿದ್ದ. ಮೂವತ್ತೆಂಟು ಹುಡುಗರನ್ನು ಎಣಿಸಿ ಸಾಲಾಗಿ ನಿಲ್ಲಿಸಿ ಡೇರೆಯ ಹತ್ತಿರ ಹೋದೆ. ಒಂದು ವಾಸನೆ ಬಂತು. ಹುಳಿ ಔಷಧ, ಹಸಿ ಗಾಜು, ಸ್ವಲ್ಪ ಗಂಧಕ... ಎಂಟು ವರ್ಷದಿಂದ ಆ ವಾಸನೆ ನನ್ನ ಮೂಗಿಗೆ ಬಂದಿರಲಿಲ್ಲ. ಬಾಗಲಕೋಟೆಯ ನಮ್ಮ ಓಣಿಯಲ್ಲಿ ಅದು ಒಬ್ಬ ಮನುಷ್ಯನ ಅಂಗಿಯಿಂದ ಬರುತ್ತಿತ್ತು.

ಓಣಿಯವರು ಅವನನ್ನು ಎಲುವಿನ ಚಾಚಾ ಎನ್ನುತ್ತಿದ್ದರು. ದವಾಖಾನೆಗೆ ಎಕ್ಸ್-ರೇ ಮಷಿನ್ ಬಂದಾಗ ಅದರ ಜೊತೆಗೇ ರೈಲಿನಲ್ಲಿ ಬಂದವನು. ಒಂದು ಗಾಜಿನ ಬುರುಡೆ, ತಾಮ್ರದ ತಂತಿ ಸುತ್ತಿದ ದೊಡ್ಡ ಉರುಳೆ, ಸಾಲು ಬ್ಯಾಟರಿಗಳು... ಇಷ್ಟೇ ಆ ಮಷಿನ್. ನಮ್ಮ ಹಿತ್ತಲ ಗೋಡೆಯ ಆಚೆಯೇ ದವಾಖಾನೆ, ಅದರ ಒಂದು ಖೋಲಿಯಲ್ಲಿ ಅದನ್ನು ಇಟ್ಟಿದ್ದರು. ನಡೆಸಿದರೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಪ್ಪಳ. ಅದರ ಮುಂದೆ ನಿಂತರೆ ಮೈಯೊಳಗಿನ ಎಲುವು ಕಾಣುತ್ತದೆ ಎಂದು ಊರೆಲ್ಲ ಸುದ್ದಿ. ಸೀರೆಯೊಳಗಿನದೂ ಕಾಣುತ್ತದಂತೆ ಎಂದು ಹೆಂಗಸರು ದವಾಖಾನೆಯ ದಾರಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು.

ನನಗಾಗ ಹತ್ತೊಂಬತ್ತು. ಮಾಸ್ತರಕಿಯ ಪರೀಕ್ಷೆ ಮುಗಿಸಿ ನೌಕರಿಯ ಹುಕುಂ ಬರುವುದನ್ನು ಕಾಯುತ್ತಿದ್ದೆ. ಕೆಲಸವಿಲ್ಲದವನಿಗೆ ದಿನಚರಿ ಬರೆಯುವುದೇ ಕೆಲಸ. ಘಟಪ್ರಭೆಯ ನೀರು ಎಷ್ಟನೆಯ ಮೆಟ್ಟಿಲಿಗೆ ಬಂತು, ರೈಲು ಎಷ್ಟು ತಡ, ಗೋಡೆಯಾಚೆ ಮಷಿನ್ ಯಾವ ಯಾವ ದಿನ ಸಪ್ಪಳ ಮಾಡಿತು, ಎಲ್ಲವನ್ನೂ ಬರೆಯುತ್ತಿದ್ದೆ. ಈ ಕೊನೆಯದು, ತಾನು ಲೆಕ್ಕ ಇಡದ ಚಾಚಾನಿಗೂ ಬೇಕಾಗಿತ್ತು. ಬ್ಯಾಟರಿಗಳನ್ನು ರೈಲಿನಲ್ಲಿ ಹುಬ್ಬಳ್ಳಿಗೆ ಕಳಿಸಿ ಚಾರ್ಜ್ ಮಾಡಿಸಬೇಕಿತ್ತು. ಯಾವಾಗ ಕಳಿಸಬೇಕೆಂಬುದು ನನ್ನ ಲೆಕ್ಕದಿಂದ ಅವನಿಗೆ ತಿಳಿಯುತ್ತಿತ್ತು. ಹುಕುಂ ಬರುವ ಮೊದಲೇ ನನಗೆ ಮಾಸ್ತರ ಪದವಿ ಕೊಟ್ಟವನು ಅವನು. ಎದುರಿನ ತನ್ನ ಮನೆಯ ಕಟ್ಟೆಯಿಂದ ಕೇಳುತ್ತಿದ್ದ: "ಏನ್ ಮಾಸ್ತರ, ಈ ವಾರ ನನ್ನ ಮಷಿನ್ ಎಷ್ಟ್ ದಿನ ಒದರಿತು?"

ದಸರೆಯ ಹಿಂದಿನ ವಾರ ಅವ್ವನ ಅಂಗೈಯಲ್ಲಿ ಸೂಜಿ ಮುರಿಯಿತು. ಅವ್ವ ಇಳಕಲ್ಲಿನವಳು. ತವರಿನಿಂದ ಬಂದ ಸೀರೆಗೆ ಕಸೂತಿ ಹಾಕುತ್ತಿದ್ದಳು. ಅರ್ಧ ಸೂಜಿ ಒಳಗೇ ಉಳಿದು ಕೈ ಬಾತಿತು. ನಾನೇ ಕರೆದುಕೊಂಡು ಹೋದೆ. ಕಿಟಕಿಗೆಲ್ಲ ಕಂಬಳಿ ಹೊದಿಸಿದ ಖೋಲಿ. ಅವ್ವ ಕೈ ಚಾಚಿದಳು. ಚಾಚಾ ಅವಳನ್ನು ತಡೆದು ತನ್ನ ಎಡಗೈಯನ್ನು ಬುರುಡೆಯ ಮುಂದೆ ಹಿಡಿದ.

"ಅಕ್ಕಾರ, ನೀವು ಗಡಿಬಿಡಿ ಮಾಡಬ್ಯಾಡ್ರಿ. ಇದು ದಿನಾ ಎದ್ದ ಕೂಡಲೇ ಮೊದಲ ನನ್ನ ನೋಡಬೇಕು. ಇಲ್ಲಂದ್ರ ಸಿಟ್ಟಿಗೇಳತೈತಿ."

ಎದುರಿನ ಹಲಗೆಯ ಮೇಲೆ ಹಸಿರು ಬೆಳಕಿನಲ್ಲಿ ಅವನ ಐದು ಬೆರಳುಗಳ ಎಲುವುಗಳು ಮೂಡಿದವು. ಬುರುಡೆ ಸರಿಯಾಗಿ ಬೆಳಗುತ್ತಿದೆಯೋ ಇಲ್ಲವೋ ಎಂದು ನೋಡುವ ರೀತಿ ಅದು. ಪ್ರತಿಯೊಬ್ಬ ರೋಗಿಗೂ ಮೊದಲು ಅವನು ತನ್ನ ಕೈಯನ್ನೇ ಹಿಡಿಯುತ್ತಿದ್ದ. ಆಮೇಲೆ ಅವ್ವನ ಅಂಗೈಯನ್ನು ಗಾಜಿನ ತಟ್ಟೆಯ ಮೇಲೆ ಒತ್ತಿ ಹಿಡಿದು ಚಿತ್ರ ತೆಗೆದ. ಸೂಜಿ ಸ್ಪಷ್ಟವಾಗಿ ಕಂಡಿತು. ಡಾಕ್ಟರು ಕೊಯ್ದು ತೆಗೆದರು. ಒಂಬತ್ತು ದಿನಕ್ಕೆ ಗಾಯ ಮಾಯಿತು. ಬರೆದಿಟ್ಟಿದ್ದೇನೆ.

ಸಂಶಯ ಶುರುವಾದದ್ದು ಆಮೇಲೆ. ದೀಪಾವಳಿಯ ಹೊತ್ತಿಗೆ ಚಾಚಾ ಎಡಗೈಗೆ ಚರ್ಮದ ಚೀಲ ಹಾಕಿಕೊಳ್ಳತೊಡಗಿದ. ಸೆಕೆಯಲ್ಲೂ ತೆಗೆಯಲಿಲ್ಲ. ಮಾತು ಕಡಿಮೆಯಾಯಿತು. ಒಂದು ಮಧ್ಯಾಹ್ನ ಅವನು ತನ್ನ ಹಿತ್ತಲಲ್ಲಿ ಚೀಲ ತೆಗೆದಾಗ ನಾನು ಮಾಳಿಗೆಯ ಮೇಲಿದ್ದೆ. ಬೆರಳುಗಳು ಕೆಂಪಗಾಗಿ ಒಡೆದಿದ್ದವು, ಕಿರುಬೆರಳಿಗೆ ಉಗುರಿರಲಿಲ್ಲ. ನೀರಿನ ಹರಿವಾಣದಲ್ಲಿ ಕೈ ಅದ್ದಿ ಹಲ್ಲು ಕಚ್ಚಿ ಕೂತಿದ್ದ. ಕೆಳಗಿಳಿದು ಬಂದು ಒಂದು ಹೊಸ ಪುಟ ತೆರೆದೆ. ಅದರ ತಲೆಗೆ 'ಕೈ' ಎಂದಷ್ಟೇ ಬರೆದೆ.

ಆಮೇಲೆ ದಿನವೂ ಮಾಳಿಗೆ ಹತ್ತಿದೆ. ಅವನು ಬಾಗಿಲು ಹಾಕಿಕೊಂಡು ಉಣ್ಣುತ್ತಾನೆ. ಬೇವಿನೆಣ್ಣೆ ತರಿಸುತ್ತಾನೆ. ಪರಿಚಯದವರ ಕೈ ಹಿಡಿಯುವುದಿಲ್ಲ. ಕಾರ್ತಿಕ ಏಕಾದಶಿ: ತೋರುಬೆರಳಿನ ಉಗುರು ಕಪ್ಪು. ಮುಂದಿನ ಶುಕ್ರವಾರ: ಆ ಉಗುರೂ ಇಲ್ಲ. ಮನಸ್ಸಿನಲ್ಲಿ ಆಗಲೇ ಒಂದು ಹೆಸರು ಇತ್ತು, ಕುಷ್ಠ. ಆದರೆ ಬರೆಯಲು ಹೆದರುತ್ತಿದ್ದೆ. ಆ ಕೈಯೇ ಅವ್ವನ ಅಂಗೈಯನ್ನು ಒತ್ತಿ ಹಿಡಿದಿತ್ತಲ್ಲ... ಅವ್ವ ರೊಟ್ಟಿ ಬಡಿಯುವಾಗ ಅವಳ ಅಂಗೈಯನ್ನು ಕದ್ದು ನೋಡುತ್ತಿದ್ದೆ. ಅದಕ್ಕೂ ಒಂದು ಪುಟ ಮಾಡಿದೆ.

ನಾನೊಬ್ಬನೇ ನೋಡಿದ್ದಲ್ಲ. ಓಣಿಯ ಹಿರಿಯರೊಬ್ಬರು ನನ್ನನ್ನು ಕರೆಸಿದರು. ನಿಮ್ಮ ಮಾಳಿಗೆಯಿಂದ ಅವನ ಹಿತ್ತಲು ಕಾಣುತ್ತದಂತೆ, ನೀನು ಎಲ್ಲಾ ಬರೆದಿಡುತ್ತೀಯಂತೆ ಎಂದರು. ಹೌದೆಂದೆ. ಬರುವ ಗುರುವಾರ ಚಾವಡಿಗೆ ಡಾಕ್ಟರೂ ಬರುತ್ತಾರೆ, ವಹಿ ತೆಗೆದುಕೊಂಡು ಬಾ ಎಂದರು. ಆ ರೋಗ ಖರೆ ಆದರೆ ಚಾಚಾನಿಗೆ ನೌಕರಿಯೂ ಇಲ್ಲ, ಓಣಿಯಲ್ಲಿ ಮನೆಯೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ.

ಚಾವಡಿಯಲ್ಲಿ ಅವನು ಕಂಬಕ್ಕೆ ಒರಗದೆ ನಿಂತಿದ್ದ. ಚೀಲ ತೆಗೆಯೆಂದರು. ತೆಗೆದ. ಡಾಕ್ಟರು ಊರಿಗೆ ಹೊಸಬರು. ಸೂಜಿ ತೆಗೆದವರಿಗೆ ವರ್ಗವಾಗಿತ್ತು. ಈ ಡಾಕ್ಟರು ಮೂರು ಮಾರು ದೂರದಿಂದಲೇ ನೋಡಿ, ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ನಾನು 'ಕೈ' ಪುಟವನ್ನು ಓದಿದೆ. ಹದಿನೇಳು ಸಾಲು. ತಿಥಿ, ವಾರ, ಯಾವ ಬೆರಳು, ಏನಾಗಿತ್ತು. ನಡುವೆ ಯಾರೂ ಕೆಮ್ಮಲಿಲ್ಲ. ಇಷ್ಟು ಜನ ನನ್ನ ಬರಹವನ್ನು ಕೇಳಿದ್ದು ಅದೇ ಮೊದಲು. ನನಗೆ ಹೆಮ್ಮೆಯೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಮುಗಿದ ಮೇಲೆ ಚಾಚಾ ನನ್ನ ಕಡೆ ತಿರುಗಿದ.

"ಮಾಸ್ತರ, ಬರದದ್ದೆಲ್ಲಾ ಓದಿದಿ ಏನು?"

ಓದಿದೆ ಎಂದೆ.

"ಮಷಿನ್ ಒದರಿದ ದಿನಾನೂ ಬರದೀಯಲ್ಲ. ಅದನ್ನೂ ಓದು."

"ಅದು ಬ್ಯಾರೆ ಪುಟ ಚಾಚಾ," ಎಂದೆ. "ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಅವನು ನನ್ನ ವಹಿಯನ್ನು ನೋಡಿದ. ಸಂಬಂಧ ಏನೆಂದು ಅವನಿಗೂ ಪೂರ್ತಿ ಗೊತ್ತಿರಲಿಲ್ಲವೇನೋ. ಗುಮಾನಿ ಮಾತ್ರ ಇತ್ತು. ಹಿರಿಯರು ಸಾಕು ಎಂದರು. ನಾನು ವಹಿ ಮುಚ್ಚಿದೆ. ಮೂರನೆಯ ದಿನ ಅವನು ಕಲಾದಗಿಯ ಅಕ್ಕನ ಮನೆಗೆ ಗಾಡಿ ಹೂಡಿಸಿಕೊಂಡು ಹೋದ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಮ್ಮ ಬಾಗಿಲೊಂದು ತೆರೆದಿತ್ತು. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಗಾಡಿ ಹೋದ ಮೇಲೆ ಅವಳು ನನಗೆ ಹೇಳಿದ್ದು ಇಷ್ಟು:

"ಇಳಕಲ್ಲಾಗ ಆ ರೋಗದವ್ರನ್ನ ನಾ ನೋಡೇನಿ. ಕೆಂಡ ಮುಟ್ಟಿದ್ರೂ ಅವ್ರಿಗೆ ಗೊತ್ತಾಗಂಗಿಲ್ಲ. ಈ ಮನಷ್ಯಾ ಉರಿ ತಾಳಲಾರದ ನೀರಾಗ ಕೈ ಇಟ್ಕೊಂಡು ಕುಂದ್ರತಿದ್ದ. ನೀ ಬರ್ದೀ, ವಿಚಾರ ಮಾಡ್ಲಿಲ್ಲ."

ನನಗೆ ಸಿಟ್ಟು ಬಂತು. ಅವಳ ಅಂಗೈಯ ಚಿಂತೆಯಿಂದಲೇ ಇದನ್ನೆಲ್ಲ ಮಾಡಿದ್ದು ಎಂದುಕೊಂಡೆ. ವಹಿಯನ್ನು ತೆರೆದು ನೋಡಲಿಲ್ಲ.

ಮರುವರ್ಷ ಹುನಗುಂದದ ಸಾಲೆಗೆ ಹುಕುಂ ಬಂತು. ಯುಗಾದಿಗೆ ವರ್ಷದ ಲೆಕ್ಕವನ್ನೆಲ್ಲ ಒಂದೇ ಹಾಳೆಗೆ ಇಳಿಸುವುದು ನನ್ನ ರೂಢಿ. ಹೊಸ ನೌಕರಿಯ ಗದ್ದಲದಲ್ಲಿ ಹಿಂದಿನ ವರ್ಷದ್ದು ಉಳಿದಿತ್ತು. ಅದರ ಮುಂದಿನ ಯುಗಾದಿಯ ಮುಂಜಾನೆ ಎಲ್ಲ ಪುಟಗಳನ್ನೂ ಪಕ್ಕಪಕ್ಕ ಹರಡಿದೆ. ಮಷಿನ್ ಒದರಿದ ದಿನ ಅರವತ್ಮೂರು. ಅವು ಒತ್ತಾಗಿ ಬಂದ ಕಡೆಯೆಲ್ಲ, ಎಂಟು ಹತ್ತು ದಿನ ಬಿಟ್ಟು, 'ಕೈ' ಪುಟದಲ್ಲಿ ಒಂದು ಸಾಲು. ನಡುವೆ ಬ್ಯಾಟರಿಗಳು ಹುಬ್ಬಳ್ಳಿಯಲ್ಲೇ ಸಿಕ್ಕಿಬಿದ್ದು ಇಪ್ಪತ್ತಾರು ದಿನ ಸಪ್ಪಳವಿರಲಿಲ್ಲ. ಆ ದಿನಗಳ ಕೊನೆಗೆ ನಾನೇ ಬರೆದಿದ್ದೆ: 'ಗಾಯ ಒಣಗಿದೆ.' ಮತ್ತೆ ಸಪ್ಪಳ, ಮತ್ತೆ ಗಾಯ. ಅವ್ವನ ಪುಟದಲ್ಲಿ ಪ್ರತಿ ಸಾಲಿಗೂ 'ಏನೂ ಇಲ್ಲ' ಎಂದಷ್ಟೇ ಇತ್ತು. ಅವಳು ಆ ಬುರುಡೆಯ ಮುಂದೆ ಕೈ ಇಟ್ಟದ್ದು ಒಂದೇ ಸಲ. ಅವನು ಬಂದವರಿಗೆಲ್ಲ ಮೊದಲು ತನ್ನದನ್ನು ಇಟ್ಟಿದ್ದ.

ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳದೆ ಎದ್ದೆ. ಎರಡನೆಯ ದಿನ ಕಲಾದಗಿ ಮುಟ್ಟಿದೆ.

ಅವನ ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಹೆಸರು ಹೇಳುವ ಮೊದಲೇ ಅವಳು ನನ್ನ ಬಗಲಲ್ಲಿದ್ದ ವಹಿ ನೋಡಿದಳು.

"ಚಾವಡ್ಯಾಗ ಓದಿದಾಂವ ನೀನ ಏನು?"

ಹೌದೆಂದೆ. ತಮ್ಮ ತೀರಿಕೊಂಡು ಐದು ತಿಂಗಳಾಯಿತು ಎಂದಳು. ದೂರದ ದೊಡ್ಡ ದವಾಖಾನೆಯಲ್ಲಿ ಮೊದಲು ಎರಡು ಬೆರಳು ತೆಗೆದರಂತೆ, ಆಮೇಲೆ ಮಣಿಕಟ್ಟಿನವರೆಗೆ. ಅಷ್ಟರಲ್ಲಿ ಬಗಲಲ್ಲಿ ಗಡ್ಡೆ ಎದ್ದಿತ್ತು. ಅಲ್ಲಿಯ ಡಾಕ್ಟರು ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ, ಇದು ಮಹಾರೋಗವಲ್ಲ, ಮಷಿನ್ ಸುಟ್ಟದ್ದು, ಒಂದು ವರ್ಷ ಮೊದಲೇ ಅದರಿಂದ ದೂರ ಇಟ್ಟು ಔಷಧ ಮಾಡಿದ್ದರೆ ಕೈ ಉಳಿಯುತ್ತಿತ್ತೇನೋ ಎಂದಿದ್ದರಂತೆ. ಇಲ್ಲಿಗೆ ಬಂದ ಮೇಲೂ, ರೋಗವೇ ಇರಬೇಕೆಂದು ಹೆದರಿ, ಅವನು ಎಂಟು ತಿಂಗಳು ಯಾರಿಗೂ ಕೈ ತೋರಿಸಿರಲಿಲ್ಲ.

ಅವಳು ವಹಿಯ ಕಡೆ ಕಣ್ಣು ಮಾಡಿ ಹೇಳಿದಳು:

"ಉಳದದ್ದು ಓದು."

ಕಟ್ಟೆಯ ಮೇಲೆ ಕೂತು ಮಷಿನ್ ಒದರಿದ ದಿನಗಳನ್ನು ಓದಿದೆ. ಅರವತ್ಮೂರೂ. ಅವಳು ಕೆಲಸ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ, ಇನ್ನೂ ಇದೆಯೇನೋ ಎಂದು ಕಾದಳು. ಆಮೇಲೆ ಕೇಳಿದಳು:

"ಇಷ್ಟ ಓದಾಕ ಅವತ್ತು ಎಷ್ಟ್ ಹೊತ್ತು ಆಗ್ತಿತ್ತು?"

ಅವಳ ಮುಂದಿನ ಮೊರದಲ್ಲಿ ಅಷ್ಟು ಹೊತ್ತಿನಲ್ಲಿ ಬಿಡಿಸಿದ ಮೆಣಸಿನಕಾಯಿ ಎರಡು ಹಿಡಿಯೂ ಇರಲಿಲ್ಲ...

ಈಗ ನನ್ನ ವಹಿಯಲ್ಲಿ ಬೇರೆ ಬೇರೆ ಪುಟಗಳಿಲ್ಲ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಅಡ್ಡಗೆರೆ ಎಳೆದು ಬರೆಯುತ್ತೇನೆ. ಅದರಿಂದ ಕಳೆದದ್ದೇನೂ ಯಾರಿಗೂ ಮರಳಿ ಬಂದಿಲ್ಲ.

ಸೋಮವಾರ ಫೋಟೋದವನು ಡೇರೆಯಿಂದ ಹೊರಗೆ ಬಂದು ಹಸಿ ತಟ್ಟೆಯನ್ನು ಬಿಸಿಲಿಗೆ ಹಿಡಿದು ತೋರಿಸಿದ. ಹುಡುಗರು ಮುಗಿಬಿದ್ದು ತಮ್ಮ ತಮ್ಮ ಮುಖ ಹುಡುಕಿದರು. ತಟ್ಟೆಯ ಔಷಧ ಹತ್ತಿ ಅವನ ಬೆರಳುಗಳು ಕಪ್ಪಗಾಗಿದ್ದವು. ನಾನು ತಟ್ಟೆಯನ್ನು ನೋಡಲಿಲ್ಲ. ಅವನ ಉಗುರುಗಳನ್ನು ಎಣಿಸುತ್ತಿದ್ದೆ. ಹತ್ತೂ ಇದ್ದವು. ಎಣಿಸಿ ಮುಗಿದ ಮೇಲೆಯೇ ಏನು ಮಾಡುತ್ತಿದ್ದೇನೆಂದು ತಿಳಿದದ್ದು. ಅವನ ಕೈ ಹಿಡಿದು, ಫೋಟೋ ಚೊಲೋ ಬಂದೈತಿ ಎಂದೆ.